ಆಲತಿಟ್ಟಿನ ಕೂಗು

ಕೆಂಪಾಜಮ್ಮ ಮದುವೆಯಾಗಿ ಆಲತಿಟ್ಟಿಗೆ ಬಂದ ವರ್ಷವೇ ಆ ಊರಿನ ರಾಜ್ಯ ಬದಲಾಯಿತು.

ಕೊಳ್ಳೇಗಾಲದ ಸೀಮೆಯಲ್ಲಿ ಒಂದು ಕಡೆ ಕಾವೇರಿ ಎರಡಾಗಿ ಒಡೆದು, ನಡುವೆ ಒಂದಿಷ್ಟು ನೆಲ ಬಿಟ್ಟು, ಮುಂದೆ ಮತ್ತೆ ಒಂದಾಗುತ್ತಿತ್ತು. ಆ ನೆಲವೇ ತಿಟ್ಟು. ಅದರ ಮೇಲೆ ಐವತ್ತು ಅರವತ್ತು ಮನೆ, ದೊಡ್ಡದೊಂದು ಆಲದ ಮರ, ಸುತ್ತ ನೀರು. ಅಲ್ಲಿನ ಜನ ಎಷ್ಟೋ ತಲೆಮಾರಿನ ಹಿಂದೆ ಬಲೆ ಹೊತ್ತು ಹೊಳೆಯ ಕೆಳಸೀಮೆಯಿಂದ ಬಂದವರಂತೆ. ಮನೆಯ ಮಾತು ತಮಿಳು, ಶಾಲೆಯ ಮಾತು ತಮಿಳು, ದೇವರಿಗೆ ಹರಕೆ ಹೊರುವುದೂ ತಮಿಳಿನಲ್ಲೇ. ತೆಂಕಲ ದಡ ಮದ್ರಾಸಿನದು, ಬಡಗಲ ದಡ ಮೈಸೂರಿನದು. ತಿಟ್ಟು ಕೊಯಮತ್ತೂರು ಜಿಲ್ಲೆಗೆ ಸೇರಿದ್ದು ಹೆಸರಿಗೆ ಮಾತ್ರ. ಜಗಳವಾಗಲಿ, ಮದುವೆಯಾಗಲಿ, ಬಲೆ ಬೀಸುವ ಜಾಗದ ಹಂಚಿಕೆಯಾಗಲಿ, ಎಲ್ಲವೂ ಆಲದ ಮರದ ಕೆಳಗೆ ಅವರ ಪಂಚಾಯ್ತಿಯಲ್ಲೇ ತೀರುತ್ತಿತ್ತು.

ಕೆಂಪಾಜಮ್ಮ ಯಳಂದೂರಿನ ಪಕ್ಕದ ಹಳ್ಳಿಯವಳು. ಅವಳಪ್ಪನೂ ಕೆರೆಯಲ್ಲಿ ಮೀನು ಹಿಡಿಯುವವನು. ಕುಲ ಒಂದೇ, ಮಾತು ಬೇರೆ. ಅವಳು ಮನೆ ತುಂಬಿದ ಕೆಲವೇ ದಿನಕ್ಕೆ, ಐವತ್ತಾರರ ನವೆಂಬರಿನಲ್ಲಿ, ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ತಿಟ್ಟೂ ಜೊತೆಗೆ ಹೋಯಿತು. ತಮಿಳು ಮೇಷ್ಟರು ಗಂಟು ಕಟ್ಟಿಕೊಂಡು ಹೊರಟರು. ಕನ್ನಡದ ಮೇಷ್ಟರು ಬಂದರು.

"ಸೊಸೆ ಒಬ್ಳನ್ನೇ ಕೇಳ್ದೆ. ಇವ್ಳು ಸರ್ಕಾರಾನೂ ಮಡ್ಲಲ್ಲಿ ಕಟ್ಕಂಡು ಬಂದವ್ಳೆ" ಎಂದು ಅತ್ತೆ ಪಾವಾಯಿ ಊರಿಗೆಲ್ಲ ಹೇಳಿ ನಕ್ಕಳು. ಹೇಳಿದ್ದು ತಮಿಳಿನಲ್ಲಿ. ಅದು ಅರ್ಥವಾಗುವ ಹೊತ್ತಿಗೆ ಕೆಂಪಾಜಮ್ಮನಿಗೂ ನಗು ಬರುತ್ತಿತ್ತು. ಊರಿನವರು ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ, ಕನ್ನಡತ್ತಿ ಎಂದರು.

ಗಂಡ ಮಾದೇಸನ್ ತಿಟ್ಟಿನ ಅಂಬಿಗ. ಯಾವ ದಡದಿಂದ ಯಾರು ಕೂಗಲಿ, ಹರಿಗೋಲು ತೆಗೆದುಕೊಂಡು ಹೋಗಿ ಕರೆತರುವುದು ಅವನ ಮನೆತನದ ಕೆಲಸ. ಕೂಗಿದವರನ್ನು ದಡದಲ್ಲೇ ಬಿಡಬಾರದು ಎಂಬುದು ತಿಟ್ಟಿನ ಕಟ್ಟಳೆ. ಉಣ್ಣುತ್ತಿದ್ದರೂ ಕೈ ತೊಳೆದು ಏಳುತ್ತಿದ್ದ. ಹೆಂಡತಿಯೊಡನೆ ಮಾತ್ರ ಅವನು ಕನ್ನಡ ಆಡುತ್ತಿದ್ದ. ಎರಡೂ ದಡದ ಜನರೊಂದಿಗೆ ಒಡನಾಡಿ ಕಲಿತ ಕನ್ನಡ. ಹೊಳೆಯ ಮೇಲಿದ್ದಾಗ ಅವಳಿಗೂ ಹುಟ್ಟು ಹಾಕಲು ಕೊಡುತ್ತಿದ್ದ. ಹರಿಗೋಲು ಗಿರಗಿರನೆ ಸುತ್ತಿ ಇಬ್ಬರೂ ನಕ್ಕು ಸುಸ್ತಾಗುತ್ತಿದ್ದರು.

ಅವಳು ಬಂದು ನಾಲ್ಕೈದು ಮಳೆಗಾಲ ಕಳೆದಿದ್ದವು. ಆ ಆಷಾಢದಲ್ಲಿ ಹೊಸ ನೀರು ಕೆಂಪಗೆ, ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಬಂತು. ಮಾದೇಸನ್ ಹರಿಗೋಲನ್ನು ಮೇಲೆಳೆದು ಬೋರಲು ಹಾಕಿ ಜಗುಲಿಯಲ್ಲಿ ಕೂತಿದ್ದ. ದೀಪ ಹಚ್ಚುವ ಹೊತ್ತು. ಬಡಗಲ ದಡದಿಂದ ಗಂಡಸಿನ ದನಿ ಬಂತು.

"ಓ ಅಣ್ಣೋ! ಅರಿಗೋಲು ತಕಂಡು ಬಾ!"

ಮಾದೇಸನ್ ಎದ್ದ. ಕೆಂಪಾಜಮ್ಮ ಅಡ್ಡ ನಿಂತಳು. "ಬ್ಯಾಡಿ. ನೀರ ನೋಡಿ ಎಂಗದೆ. ಬೆಳಿಗ್ಗೆ ಕರ್ಕಂಡು ಬರೀರಂತೆ."

"ಕೂಗ್ದೋನ ಬುಟ್ಟು ನಾ ಊಟಕ್ಕೆ ಕೂರಾದು ಎಂಗೆ?" ಎಂದು ಹೊರಟ.

ಹರಿಗೋಲು ನಡುಹೊಳೆಯವರೆಗೆ ಕಂಡಿತು. ಆಮೇಲೆ ಕತ್ತಲು. ಎರಡು ದಿನದ ಮೇಲೆ, ಚರ್ಮ ಹರಿದು ಬಂಡೆಗೆ ಸಿಕ್ಕಿಕೊಂಡಿದ್ದ ಹರಿಗೋಲು ಎರಡು ಹರಿದಾರಿ ಕೆಳಗೆ ದೊರೆಯಿತು. ಮಾದೇಸನ್ ಸಿಗಲಿಲ್ಲ. ಬಡಗಲ ದಡದ ಹಳ್ಳಿಯವರನ್ನು ವಿಚಾರಿಸಿದರೆ, ಆ ಸಂಜೆ ಅತ್ತ ಯಾರೂ ಬಂದಿಲ್ಲ, ಯಾರೂ ಕೂಗಿಲ್ಲ ಎಂದರು. ತಿಟ್ಟಿನಲ್ಲೂ ಬೇರೆ ಯಾರಿಗೂ ಕೂಗು ಕೇಳಿಸಿರಲಿಲ್ಲ.

"ಕನ್ನಡದಲ್ಲಿ ಕೂಗಿದ್ರು" ಎಂದು ಕೆಂಪಾಜಮ್ಮ ಪಂಚಾಯ್ತಿಯಲ್ಲಿ ಹೇಳಿದಳು. ಹೇಳಬಾರದಿತ್ತು. ಕನ್ನಡತ್ತಿಯ ಕಡೆಯದೇ ಏನೋ ಬಂದು ಕರೆದುಕೊಂಡು ಹೋಯಿತು ಎಂಬ ಮಾತು ಒಲೆಯಿಂದ ಒಲೆಗೆ ಹರಡಿತು. ಪಂಚಾಯ್ತಿ ಅಧ್ಯಕ್ಷ ಚೆಂಗೋಡನ್ ಒಳ್ಳೆಯವನೇ. ಅವನು ಆ ಮಾತನ್ನು ಗದರಿ ನಿಲ್ಲಿಸಿದ. ಕೆಂಪು ನೀರು ಬಂದಾಗ ಹೊತ್ತು ಮುಳುಗಿದ ಮೇಲೆ ಯಾರು ಕೂಗಿದರೂ ಹೋಗಕೂಡದು ಎಂದು ಹೊಸ ಕಟ್ಟಳೆಯನ್ನೂ ಮಾಡಿದ.

ಅಪ್ಪ ಬಂದು ತವರಿಗೆ ಕರೆದ. ಕೆಂಪಾಜಮ್ಮ ಹೋಗಲಿಲ್ಲ. ಅತ್ತೆಯನ್ನು ಒಬ್ಬಳೇ ಬಿಡಲು ಮನಸ್ಸಾಗಲಿಲ್ಲ. ಹರಿಗೋಲಿಗೆ ಹೊಸ ಚರ್ಮ ಹೊದಿಸಿ ತಾನೇ ಹುಟ್ಟು ಹಿಡಿದಳು. ಮೊದಮೊದಲು ಹೆಂಗಸಿನ ಹರಿಗೋಲಿಗೆ ಕಾಲಿಡಲು ಹಿಂಜರಿದವರು ಆಮೇಲೆ ರೂಢಿ ಮಾಡಿಕೊಂಡರು.

ಮುಂದಿನ ಆಷಾಢದಲ್ಲಿ ನೀರು ಕೆಂಪಾದ ಸಂಜೆ ಅದೇ ದಡದಿಂದ ಅದೇ ಕೂಗು ಬಂತು. "ಓ ಅಣ್ಣೋ! ಅರಿಗೋಲು ತಕಂಡು ಬಾ!"

ಕೆಂಪಾಜಮ್ಮನ ಕೈಯಲ್ಲಿದ್ದ ಮೊರ ಜಾರಿತು. ಒಳಗಿನಿಂದ ಪಾವಾಯಿ ಓಡಿ ಬಂದಳು.

"ಕೇಳುಸ್ತಾ? ಅಮ್ಮಾ ಅಂದ. ನನ್ ಮಗ ಅಮ್ಮಾ ಅಂತ ಕೂಗ್ದ!"

ಕೆಂಪಾಜಮ್ಮ ಅತ್ತೆಯ ಮುಖ ನೋಡಿದಳು. ಇಬ್ಬರ ಕಿವಿಗೂ ಬಿದ್ದದ್ದು ಒಂದೇ ಕೂಗು. ಅತ್ತೆಗೆ ಅದು ತಮಿಳಿನಲ್ಲಿ, ಮಗನ ದನಿಯಲ್ಲಿ ಕೇಳಿಸಿತ್ತು. ತನಗೆ ಕೇಳಿಸಿದ ದನಿ ಮಾದೇಸನದಲ್ಲ ಎಂದು ಬಾಯಿಬಿಟ್ಟು ಹೇಳಲು ಅವಳಿಂದಾಗಲಿಲ್ಲ. ಇಬ್ಬರೂ ಬಾಗಿಲು ಹಾಕಿಕೊಂಡು ಕೂತರು.

ಅಲ್ಲಿಂದ ಮುಂದೆ ಕೆಂಪು ನೀರು ಬಂದಾಗಲೆಲ್ಲ ಹಾಗೇ. ಕೂಗುವ ಹೊತ್ತಾಯಿತೆಂದರೆ ಪಾವಾಯಿ ಮಾಡುತ್ತಿದ್ದ ಕೆಲಸ ಬಿಟ್ಟು ಬಡಗಲಿಗೆ ಮುಖಮಾಡಿ ಕೂರುವಳು. ಕೆಂಪಾಜಮ್ಮ ಒನಕೆ ತೆಗೆದುಕೊಂಡು ಸುಮ್ಮಸುಮ್ಮನೆ ಜೋರಾಗಿ ಕುಟ್ಟುವಳು. ಕುಟ್ಟುವ ಸದ್ದಿನ ನಡುವೆಯೂ ಅದು ಕೇಳಿಸುತ್ತಿತ್ತು. ಹಗಲು ಅದೇ ದಡಕ್ಕೆ ಜನರನ್ನು ದಾಟಿಸುವಾಗ ಅವಳು ಅಲ್ಲಿನ ಜೊಂಡನ್ನು, ಕುಸಿದ ದಡವನ್ನು, ಬುಡ ಕಳಚಿದ ಹೊಂಗೆ ಮರವನ್ನು ನೋಡಿ ಬರುತ್ತಿದ್ದಳು. ಒಂದು ಹೆಜ್ಜೆಯ ಗುರುತೂ ಇರುತ್ತಿರಲಿಲ್ಲ.

ಹೀಗೆ ಹತ್ತು ಹನ್ನೆರಡು ವರ್ಷ ಕಳೆಯಿತು. ಶಾಲೆಯ ಮಕ್ಕಳು ಕನ್ನಡದಲ್ಲಿ ಮಗ್ಗಿ ಹೇಳಿ, ತಮಿಳಿನಲ್ಲಿ ಜಗಳವಾಡುವಂತಾದವು. ಎಪ್ಪತ್ತರ ಆಚೆ ಒಂದು ಮಳೆಗಾಲ ತಿಟ್ಟಿನ ಅರ್ಧಕ್ಕೆ ನೀರು ನುಗ್ಗಿ ಮನೆಗಳು ಬಿದ್ದವು. ತೆಂಕಲ ದಡದ ಎತ್ತರದಲ್ಲಿ ಎಲ್ಲರಿಗೂ ಸೈಟು ಕೊಡುತ್ತೇವೆ, ಮುಂದಿನ ಮಳೆಯೊಳಗೆ ತಿಟ್ಟು ಬಿಡಬೇಕು ಎಂದು ಅಧಿಕಾರಿಗಳು ಬಂದು ಹೇಳಿದರು. ಆಲದ ಮರದ ಕೆಳಗೆ ಮೂರು ಸಲ ಪಂಚಾಯ್ತಿ ಸೇರಿತು. ಮುದುಕರು ಅತ್ತರು, ಹೆಂಗಸರು ಬೈದರು. ಕಡೆಗೆ ಒಬ್ಬೊಬ್ಬರಾಗಿ ಹೆಂಚು ಇಳಿಸತೊಡಗಿದರು. ಕೆಂಪಾಜಮ್ಮನ ಹರಿಗೋಲು ದಿನವಿಡೀ ಊರನ್ನು ಹೊತ್ತು ಹೊತ್ತು ದಾಟಿಸಿತು: ತೊಲೆ, ಮಡಕೆ, ಕೋಳಿ, ದೇವರ ಪೆಟ್ಟಿಗೆ.

ಪಾವಾಯಿ ಮಾತ್ರ ಜಗುಲಿಯಿಂದ ಏಳಲಿಲ್ಲ. ಚೆಂಗೋಡನ್ ಬಂದು ಬೇಡಿಕೊಂಡ. "ಎಲ್ರೂ ಓದ್ಮೇಲೆ ಇಲ್ಲಿ ಯಾರವ್ರೆ ಅತ್ತೆ?"

"ನನ್ ಮಗ ಆ ದಡ್ದಲ್ಲಿ ನಿಂತವ್ನೆ. ಅವ್ನ ಬುಟ್ಟು ಬರಾಕಿಲ್ಲ."

ಆಷಾಢ ಬಂತು. ತಿಟ್ಟಿನಲ್ಲಿ ಅತ್ತೆ ಸೊಸೆ ಇಬ್ಬರೇ. ನೀರು ಕೆಂಪಾಯಿತು. ಆ ಸಂಜೆ ಕೂಗು ಎದ್ದಾಗ ಪಾವಾಯಿ ಸೊಸೆಯ ಎರಡೂ ಕೈ ಹಿಡಿದಳು.

"ಒಂದು ಸಾರಿ ಓಗವಾ ಕಣಮ್ಮಿ. ಕರ್ಕಂಡು ಬರವಾ. ಆಮೇಲೆ ನೀ ಯೋಳಿದ ಕಡೆ ಬತ್ತೀನಿ."

ಇಷ್ಟು ವರ್ಷ ಆ ಕೂಗಿಗೆ ಹೋಗದೆ ಉಳಿದದ್ದು ಕಟ್ಟಳೆಯ ಕಾರಣಕ್ಕಲ್ಲ, ಭಯಕ್ಕೆ ಎಂಬುದು ಕೆಂಪಾಜಮ್ಮನಿಗೆ ಗೊತ್ತಿತ್ತು. ಆದರೂ ಹರಿಗೋಲು ಇಳಿಸಿದಳು. ಮುದುಕಿಯನ್ನು ನಡುವೆ ಕೂರಿಸಿ, ಮಾದೇಸನ್ ಹೇಳಿಕೊಟ್ಟಿದ್ದಂತೆ ಸೆಳವಿಗೆ ಓರೆಯಾಗಿ ಹುಟ್ಟು ಹಾಕಿದಳು. ಬಡಗಲ ದಡ ಹತ್ತಿರವಾದಂತೆ ಕೂಗು ನಿಂತುಹೋಯಿತು. ಜೊಂಡು, ಕುಸಿದ ಮಣ್ಣು, ಹೊಂಗೆಯ ಬೇರು. ಮನುಷ್ಯರು ಯಾರೂ ಇಲ್ಲ.

ಪಾವಾಯಿ ಕೈ ಚಾಚಿದಳು. "ಏರಿಕೋ ಸಾಮಿ. ಏರಿಕೋ."

ಹರಿಗೋಲು ತಟ್ಟನೆ ಒಂದು ಕಡೆಗೆ ವಾಲಿತು. ಆಳೊಬ್ಬ ಕಾಲಿಟ್ಟರೆ ವಾಲುವ ಹಾಗೆ. ವಾಲಿ, ಸಮನಾಗಿ, ಕೆಳಕ್ಕೆ ಇಳಿಯಿತು. ಅಂಚಿಗೂ ನೀರಿಗೂ ನಾಲ್ಕು ಬೆರಳ ಅಂತರ ಉಳಿಯಿತು. ಒದ್ದೆ ಕಂಬಳಿಯ ವಾಸನೆ, ಜೊತೆಗೆ ಬೀಡಿಯ ಘಾಟು ಬಂತು. ಮಾದೇಸನ್ ಎಂದೂ ಬೀಡಿ ಸೇದಿದವನಲ್ಲ, ಕಂಬಳಿ ಹೊದ್ದವನಲ್ಲ.

ಕೆಂಪಾಜಮ್ಮ ತುಟಿ ಅಲ್ಲಾಡಿಸದೆ ಮೆಲ್ಲಗೆ ಕೇಳಿದಳು: "ಯಾರಪ್ಪ ನೀನು?"

"ಏನಂದೆ?" ಎಂದಳು ಪಾವಾಯಿ.

"ಏನಿಲ್ಲ ಕಣತ್ತೆ."

ದಾರಿಯುದ್ದಕ್ಕೂ ಪಾವಾಯಿ ಪಕ್ಕದ ಬರಿಜಾಗದ ಕಡೆ ಮುಖಮಾಡಿ ತಮಿಳಿನಲ್ಲಿ ಮಾತಾಡಿದಳು. ಊರು ಬಿಟ್ಟದ್ದನ್ನು, ಹಸು ಸತ್ತದ್ದನ್ನು, ಸೊಸೆ ತನ್ನನ್ನು ನೋಡಿಕೊಂಡದ್ದನ್ನು ಹೇಳಿದಳು. ಕೆಂಪಾಜಮ್ಮನ ತೋಳು ಕಿತ್ತು ಬರುತ್ತಿತ್ತು. ಒಬ್ಬ ಗಂಡಾಳಿನ ಭಾರವನ್ನು ಅವಳು ದಿನವೂ ಎಳೆದವಳು; ತಪ್ಪಾಗುವಂತಿರಲಿಲ್ಲ. ತಿಟ್ಟು ಮುಟ್ಟಿದೊಡನೆ ಹರಿಗೋಲು ಹಗುರವಾಗಿ ಮೇಲೆದ್ದಿತು. ಪಾವಾಯಿ ಮುಂದೆ ಮುಂದೆ ನಡೆದು, ಮನೆಯಲ್ಲಿ ಎಲೆ ಹಾಕಿ ಅನ್ನ, ಮೀನಿನ ಸಾರು ಬಡಿಸಿದಳು. ಬೆಳಿಗ್ಗೆ ನೋಡಿದರೆ ಅನ್ನ ಹಾಗೇ ಇತ್ತು. "ಎರಡು ತುತ್ತು ಉಂಡ" ಎಂದು ಪಾವಾಯಿ ಹೇಳಿದಳು. ಅವಳ ಮುಖ ಅಷ್ಟು ತಿಳಿಯಾಗಿದ್ದುದನ್ನು ಕೆಂಪಾಜಮ್ಮ ವರ್ಷಗಳಿಂದ ಕಂಡಿರಲಿಲ್ಲ.

ಅತ್ತೆ ಮಾತಿಗೆ ತಪ್ಪಲಿಲ್ಲ. ಬಿಸಿಲೇರುವ ಮೊದಲೇ ತೆಂಕಲ ದಡಕ್ಕೆ ದಾಟಿದಳು. ಮಗ ಮನೆಯಲ್ಲಿದ್ದಾನೆ, ಮನೆ ಕಾಯುತ್ತಾನೆ ಎಂದು ನಂಬಿಕೊಂಡೇ ಆ ಚಳಿಗಾಲದಲ್ಲಿ ನಿದ್ದೆಯಲ್ಲೇ ಹೋದಳು. ಕೆಂಪಾಜಮ್ಮ ಅವಳಿಗೆ ಕೊನೆಯವರೆಗೂ ನಿಜ ಹೇಳಲಿಲ್ಲ. ಆ ಮನೆಯಲ್ಲಿ ಕೂತಿರುವವನು ಯಾರೋ ಕನ್ನಡದವನು, ದಾಟಬೇಕೆಂದು ಕೂಗಿ ದಾಟಲಾಗದೆ ಉಳಿದವನು ಎಂಬುದು ಅವಳೊಬ್ಬಳಿಗೇ ಗೊತ್ತಿದ್ದ ಸಂಗತಿ. ಗೋಡೆ ಮಾತ್ರ ಉಳಿದ ಆ ಮನೆಯ ಕಡೆ ಅವಳು ಹೋಗುತ್ತಿರಲಿಲ್ಲ. ದನ ಮೇಯಿಸಲು ತಿಟ್ಟಿಗೆ ಹೋಗುವವರನ್ನು ಇಳಿಸಿ, ಹರಿಗೋಲಿನಿಂದ ಇಳಿಯದೆ ತಿರುಗಿ ಬರುತ್ತಿದ್ದಳು.

ಮರುವರ್ಷ ಬೇಸಿಗೆಯಲ್ಲಿ ಹನೂರಿನ ಕಡೆಯಿಂದ ಪುಟ್ಟಗೌರಮ್ಮ ಎಂಬ ಹೆಂಗಸು ಹುಡುಕಿಕೊಂಡು ಬಂದಳು. ಕೊಳ್ಳೇಗಾಲದ ಸಂತೆಯಲ್ಲಿ ಯಾರೋ ತಿಟ್ಟಿನ ಕೂಗಿನ ಸುದ್ದಿ ಆಡಿದ್ದರಂತೆ.

"ನಮ್ಮಣ್ಣ ರಂಗನಾಯಕ ಮಳವಳ್ಳಿ ಕಡೆ ಆಲೆಮನೆ ಕೆಲ್ಸಕ್ಕೆ ಓಗಿದ್ದ ಕಣಕ್ಕಾ" ಎಂದಳು. "ದೊಡ್ಡ ನೀರು ಬಂದ ವರ್ಸ. ಅವ್ವುಂಗೆ ಉಸಾರಿಲ್ಲ ಅಂತ ಯೋಳ್ಕಳ್ಸಿದ್ವಿ. ಅಡ್ಡದಾರೀಲಿ ಒಳೆ ದಾಟಿ ಬತ್ತೀನಿ ಅಂತ ಒಂಟೋನಂತೆ. ಬರ್ಲೇ ಇಲ್ಲ. ಅವ್ನು ಚಿಕ್ಕೋರ್ನೂ ದೊಡ್ಡೋರ್ನೂ ಎಲ್ರನ್ನೂ ಅಣ್ಣೋ ಅಂತಿದ್ದ."

ಈ ಹೆಂಗಸಿನ ಅಣ್ಣ ಕೂಗಿದ್ದಕ್ಕೇ ತನ್ನ ಗಂಡ ಎದ್ದು ಹೋದದ್ದು ಎಂದು ಕೆಂಪಾಜಮ್ಮನಿಗೆ ಹೊಳೆಯಿತು. ಎದೆಯಲ್ಲಿ ಒಮ್ಮೆ ಸಿಟ್ಟು ಭಗ್ಗೆಂದಿತು. ಎದುರಿಗೆ ನಿಂತವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಹಿಮ್ಮಡಿ ಒಡೆದಿತ್ತು. ಸಿಟ್ಟು ಹಾಗೇ ಇಳಿಯಿತು.

"ಬಾ. ಅವ್ನು ನಮ್ಮನೇಲವ್ನೆ" ಎಂದಳು.

ಬಿದ್ದ ಮನೆಯ ನಡುವೆ ನಿಂತು ಪುಟ್ಟಗೌರಮ್ಮ ಸುತ್ತ ನೋಡಿದಳು. ಅಳಲಿಲ್ಲ. ನೆಂಟರ ಮನೆಯಿಂದ ಕರೆದೊಯ್ಯುವವರ ಹಾಗೆ ಮೆಲ್ಲಗೆ ಹೇಳಿದಳು: "ಅಣ್ಣಾ, ಅವ್ವ ಆ ವರ್ಸ್ವೇ ಓದ್ಳು. ಏಳು, ಊರಿಗೆ ಓಗವಾ."

ತಿರುಗಿ ಬರುವಾಗ ಹರಿಗೋಲು ಆ ಸಂಜೆಯಷ್ಟೇ ಭಾರವಾಗಿತ್ತು. ಕೆಂಪಾಜಮ್ಮ ಅವರಿಬ್ಬರನ್ನೂ ರಸ್ತೆಯವರೆಗೆ ಕರೆದೊಯ್ದಳು. ಹನೂರಿನ ಬಸ್ಸು ಹತ್ತಿದ ಪುಟ್ಟಗೌರಮ್ಮ ಪಕ್ಕದ ಸೀಟಿಗೆ ಸೆರಗು ಹಾಸಿ ಕೂತದ್ದು ಕಿಟಕಿಯಿಂದ ಕಂಡಿತು. ಬಸ್ಸು ತುಂಬಿತ್ತು, ಆದರೂ ಅಲ್ಲಿ ಯಾರೂ ಕೂರಲಿಲ್ಲ.

ಹೊಳೆಗೆ ಬಂದು ಅವಳು ಹರಿಗೋಲಿನ ಪಕ್ಕ ಕೂತಳು. ಬೇಸಿಗೆಯ ನೀರು ತೆಳ್ಳಗೆ, ಸದ್ದಿಲ್ಲದೆ ಹರಿಯುತ್ತಿತ್ತು. ಅತ್ತೆಗೆ ಮಗ ಸಿಕ್ಕ, ತಂಗಿಗೆ ಅಣ್ಣ ಸಿಕ್ಕ. ಮಾದೇಸನ್ ಎಲ್ಲಿದ್ದಾನೆ? ಯಾರು ಕೂಗಿದರೂ ಎದ್ದು ಹೋಗುತ್ತಿದ್ದವನು ಇಷ್ಟು ವರ್ಷದಲ್ಲಿ ಒಂದು ಸಲವೂ ಅವಳನ್ನು ಕೂಗಿರಲಿಲ್ಲ. ಅವಳು ಎದ್ದು ನಿಂತು, ಎಂದೂ ಬಾಯಿಗೆ ತಂದಿರದ ಗಂಡನ ಹೆಸರನ್ನು ಹೊಳೆಯ ಮೇಲೆ ಗಟ್ಟಿಯಾಗಿ ಕರೆದಳು. ಮೊದಲು ಕನ್ನಡದಲ್ಲಿ ಬನ್ನಿ ಎಂದಳು, ಆಮೇಲೆ ತಮಿಳಿನಲ್ಲಿ. ಎಮ್ಮೆಯ ಮೈತೊಳೆಯುತ್ತಿದ್ದ ಚೆಂಗೋಡನ್ ತಲೆಯೆತ್ತಿ ನೋಡಿ, ಮುಖ ತಿರುಗಿಸಿಕೊಂಡ. ಕೆಂಪಾಜಮ್ಮ ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಿದ್ದಳು. ಹೊಳೆಯಿಂದ ಉತ್ತರ ಬರಲಿಲ್ಲ.