ಹಿಡಿಕೆಯಿಲ್ಲದ ಲೋಟ

ಅತನೂರಿನ ಆಚೆಗೆ ನಮ್ಮ ಹಳ್ಳಿ. ನಮ್ಮ ಚರ್ಚಿಗೆ ಗಂಟೆ ಇರಲಿಲ್ಲ. ರೈಲು ಹಳಿಯ ಒಂದು ತುಂಡನ್ನು ಬೇವಿನ ಮರಕ್ಕೆ ತೂಗುಹಾಕಿದ್ದೆವು. ಅದನ್ನು ಬಾರಿಸುವ ಕೆಲಸ ಈ ಪೀರಪ್ಪನದು. ನಾನು ಸಲಾಕೆ ಎತ್ತಿ ಒಮ್ಮೆ ಬಾರಿಸಿದರೆ ಸಾಕು, ಅಫಜಲಪುರದ ಕಚೇರಿಯಲ್ಲಿ ತೂಕಡಿಸುತ್ತಿದ್ದ ಕಾರಕೂನರು ಎದ್ದು ಕೂಡುತ್ತಿದ್ದರು, ಭೀಮಾ ನದಿಯ ಆಚೆ ದಂಡೆಯ ಎಮ್ಮೆಗಳು ಕಣ್ಣಿ ಹರಿದುಕೊಳ್ಳುತ್ತಿದ್ದವು. ನಂಬದವರು ಎಮ್ಮೆಗಳನ್ನು ವಿಚಾರಿಸಬಹುದು. ನಾನು ಕೀರ್ತನೆ ಎತ್ತಿಕೊಂಡರೆ ಚರ್ಚಿನ ತಗಡುಗಳು ತಾವಾಗಿಯೇ ತಾಳ ಹಾಕುತ್ತಿದ್ದವು. ಇಷ್ಟೆಲ್ಲ ದನಿಯಿದ್ದ ಊರಿನಲ್ಲಿ ಒಬ್ಬ ಹೆಂಗಸಿನ ಸಣ್ಣ ಮಾತೊಂದು ಯಾರಿಗೂ ಕೇಳಿಸದೆ ಹೋಯಿತು. ಆ ಮಾತನ್ನು ಹೇಳುವುದಕ್ಕೆ ಕುಳಿತಿದ್ದೇನೆ.

ಆಕೆ ಬಾಳಮ್ಮ, ನಮ್ಮ ಚರ್ಚಿನ ಸಭೆಯ ಹಿರಿಯರಾದ ಚಂದಪ್ಪನವರ ಹೆಂಡತಿ. ಬಾಳಮ್ಮ ರೊಟ್ಟಿ ತಟ್ಟಿದರೆ ಅದನ್ನು ಕಣ್ಣಿಗೆ ಹಿಡಿದು ಹುಣ್ಣಿಮೆಯ ಚಂದ್ರನನ್ನು ನೋಡಬಹುದಿತ್ತು, ಅಷ್ಟು ತೆಳುವು. ಚಂದಪ್ಪನವರು ದೈವಭಕ್ತರು, ಕುಡಿತ ಮುಟ್ಟದವರು, ಯಾರ ಜಗಳವನ್ನೂ ಅರ್ಧ ತಾಸಿನಲ್ಲಿ ಬಗೆಹರಿಸುವವರು. ಊಟಕ್ಕೆ ಮುಂಚೆ ಅವರು ಮಾಡುವ ಪ್ರಾರ್ಥನೆ ಮಾತ್ರ ಎಷ್ಟು ಉದ್ದವೆಂದರೆ, ಅದು ಮುಗಿಯುವುದರೊಳಗೆ ತಟ್ಟೆಯ ಬಿಸಿ ರೊಟ್ಟಿ ಕಟಕ ರೊಟ್ಟಿಯಾಗಿರುತ್ತಿತ್ತು. ಮಗಳು ಕಸ್ತೂರಿ ಒಂದು ಕಣ್ಣು ತೆರೆದು ಪುಂಡಿಪಲ್ಲೆಯ ಕಡೆಗೆ ನೋಡುವಳು. ಬಾಳಮ್ಮ ಕಣ್ಣು ಮುಚ್ಚಿಕೊಂಡೇ ಅವಳ ತೊಡೆ ಚಿವುಟುವಳು. ಹೀಗೆ ನೆಮ್ಮದಿಯ ಮನೆ ಅದು.

ನಮ್ಮ ಅಜ್ಜಂದಿರು ಒಂದೇ ದಿನ, ಒಂದೇ ಹಳ್ಳದ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವರು. ಅದಕ್ಕೆ ಮುಂಚೆ ಅವರು ಎರಡು ಜಾತಿಯವರು, ಎರಡು ಓಣಿಯವರು. ಊರಿನ ದೊಡ್ಡ ಮನೆಗಳವರು ಎರಡೂ ಓಣಿಗಳನ್ನು ಒಂದೇ ದೂರದಲ್ಲಿ ನಿಲ್ಲಿಸುತ್ತಿದ್ದರು. ಆದರೂ ಮೇಲಿನ ಓಣಿಯ ನಾವು ಕೆಳಗಿನ ಓಣಿಯವರಿಗಿಂತ ಒಂದು ಬೆರಳು ಎತ್ತರವೆಂದು ನಂಬಿಕೊಂಡಿದ್ದೆವು. ಹಳ್ಳದಲ್ಲಿ ಹಳೆಯ ದೇವರುಗಳನ್ನು ಬಿಟ್ಟೆವು. ಆ ಒಂದು ಬೆರಳನ್ನು ಮಾತ್ರ ಒದ್ದೆಯಾಗದಂತೆ ಮೇಲೆತ್ತಿ ಹಿಡಿದುಕೊಂಡು ದಡಕ್ಕೆ ಬಂದೆವು.

ಅದರ ಗುರುತು ಎರಡು ಹಿತ್ತಾಳೆಯ ಲೋಟಗಳು. ಪ್ರತಿ ತಿಂಗಳ ಮೊದಲ ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ದ್ರಾಕ್ಷಿರಸ ಹಂಚುವ ಕರ್ತನ ಭೋಜನ ನಡೆಯುವಾಗ ಹಿಡಿಕೆಯಿದ್ದ ಲೋಟ ಮೇಲಿನ ಓಣಿಯವರ ಜಮಖಾನೆಯ ಮೇಲೆ ಕೈಯಿಂದ ಕೈಗೆ ಹೋಗುತ್ತಿತ್ತು. ಹಿಡಿಕೆಯಿಲ್ಲದ ಲೋಟ ಕೆಳಗಿನ ಓಣಿಯವರಿಗೆ. ಒಣದ್ರಾಕ್ಷಿಯನ್ನು ಕುದಿಸಿ ಸೋಸಿದ ರಸ ಮಾತ್ರ ಎರಡಕ್ಕೂ ಒಂದೇ ಕೆಟ್ಲಿಯದು. ಲೋಟ ತೊಳೆಯುವವನೂ ನಾನೇ: ಒಂದೇ ಬಕೀಟು, ಒಂದೇ ಹುಣಸೆಹಣ್ಣು. ತೊಳೆಯುವಾಗ ಅವೆರಡೂ ಒಂದಕ್ಕೊಂದು ಡಿಕ್ಕಿ ಹೊಡೆದು ನಗುತ್ತಿದ್ದವು. ಅಷ್ಟರಿಂದ ಯಾರ ತುಟಿಯ ಮೇಲೂ ಬೊಕ್ಕೆ ಎದ್ದದ್ದನ್ನು ನಾನು ಕಾಣಲಿಲ್ಲ. ಒಮ್ಮೆ ಜಿಲ್ಲೆಯಿಂದ ಬಂದ ದೊಡ್ಡ ಪಾಸ್ಟರು ಎರಡು ಲೋಟ ಕಂಡು, ಸಭೆ ಬೆಳೆದಿದೆ, ಒಂದು ಲೋಟ ಸಾಲದಾಗಿದೆ ಎಂದು ಸಂತೋಷಪಟ್ಟು ಹೋದರು. ನಾವು ಯಾರೂ ಅವರನ್ನು ತಿದ್ದಲಿಲ್ಲ.

ಕೆಳಗಿನ ಓಣಿಯ ನಿಂಬೆವ್ವ ಬಾಳಮ್ಮನ ಗೆಳತಿ. ಎಪ್ಪತ್ತೆರಡರ ಬರದಲ್ಲಿ ಇಬ್ಬರೂ ಸರ್ಕಾರದ ಕಾಮಗಾರಿಯಲ್ಲಿ ಅಕ್ಕಪಕ್ಕ ಕುಳಿತು ಜಲ್ಲಿ ಒಡೆದವರು. ಅವರಿಬ್ಬರು ಒಡೆದ ಜಲ್ಲಿಯನ್ನು ಹಾಸಿದ್ದರೆ ರಸ್ತೆ ದಿಲ್ಲಿ ಮುಟ್ಟಿ ವಾಪಸು ಜೇವರ್ಗಿಗೆ ಬರುತ್ತಿತ್ತು. ಆ ಬಿಸಿಲಲ್ಲಿ ಒಂದೇ ತಗಡಿನ ಡಬ್ಬಿಯಿಂದ ಇಬ್ಬರೂ ನೀರು ಕುಡಿದರು, ಒಂದೇ ಬುತ್ತಿಯ ರೊಟ್ಟಿ ಮುರಿದು ತಿಂದರು. ಯಾವ ಹಿರಿಯರೂ ಬೇಡವೆನ್ನಲಿಲ್ಲ. ಹಸಿವೆಗೆ ಓಣಿ ಇರುವುದಿಲ್ಲ. ಮುಂದೆ ಮಳೆ ಬಂತು, ಹೊಟ್ಟೆ ತುಂಬಿತು, ಓಣಿಗಳು ಮತ್ತೆ ಎರಡಾದವು. ಅಂದಿನಿಂದ ನಿಂಬೆವ್ವ ಗೆಳತಿಯನ್ನು ಕಾಣಬೇಕಾದರೆ ಚಂದಪ್ಪನವರ ಮನೆಯ ಹೊರಗೋಡೆಗೆ ಒರಗಿ ಕೂಡುವಳು, ಬಾಳಮ್ಮ ಒಳಗೆ ಕಿಟಕಿಯ ಹತ್ತಿರ ಕೂಡುವಳು. ಹತ್ತು ವರ್ಷ ಆ ಮಣ್ಣಿನ ಗೋಡೆಯ ಮೂಲಕವೇ ಇಬ್ಬರೂ ನಕ್ಕರು.

ಎಂಬತ್ತಮೂರರ ಚಳಿಗಾಲದಲ್ಲಿ ಬಾಳಮ್ಮನ ಹೊಟ್ಟೆಯಲ್ಲಿ ಗಡ್ಡೆ ಎದ್ದಿತು. ಗುಲಬರ್ಗಾಕ್ಕೆ ಕರೆದೊಯ್ದರು. ಡಾಕ್ಟರರು ನೋಡಿ, ತಡವಾಗಿದೆ, ಮನೆಯಲ್ಲಿಟ್ಟುಕೊಂಡು ಆಕೆ ಕೇಳಿದ್ದನ್ನು ಕೊಡಿ ಎಂದು ಹೇಳಿ ಕಳಿಸಿದರು. ಚಂದಪ್ಪನವರು ಕೊಡುವುದಕ್ಕೆ ಹಿಂದೆ ಬೀಳಲಿಲ್ಲ. ಮೋಸಂಬಿ ತಂದರು, ಹೊಸ ಕೌದಿ ಹೊಲಿಸಿದರು. ಬಾಳಮ್ಮ ಅದಾವುದನ್ನೂ ಕೇಳಿರಲಿಲ್ಲ. ಆಕೆ ಕೇಳಿದ್ದು ಒಂದೇ: ಸಾಯುವ ಮುಂಚೆ ನಿಂಬೆವ್ವ ಒಳಗೆ ಬರಬೇಕು, ಮಂಚದ ಮೇಲೆ ಕೂಡಬೇಕು, ಒಂದೇ ಲೋಟದಿಂದ ಇಬ್ಬರೂ ಕರ್ತನ ಭೋಜನ ತೆಗೆದುಕೊಳ್ಳಬೇಕು.

ಆಗ ನಮ್ಮ ಸಭೆಗೆ ಪಾಸ್ಟರ್ ದಶರಥ ಎಂಬ ತರುಣರು ಹೊಸದಾಗಿ ಬಂದಿದ್ದರು. ಎಷ್ಟು ಬಡಕಲೆಂದರೆ, ಸೈಕಲ್ಲಿನ ಮೇಲೆ ಬರುವಾಗ ದೂರದಿಂದ ಬರೀ ಸೈಕಲ್ಲೇ ಬಂದಂತೆ ಕಾಣುತ್ತಿತ್ತು. ಅವರು ಒಂದು ಬುಧವಾರ ಹಿಡಿಕೆಯಿದ್ದ ಲೋಟ ಹಿಡಿದು, ನನ್ನ ಕೈಯಲ್ಲಿ ಕೆಟ್ಲಿ ಹೊರಿಸಿಕೊಂಡು ಚಂದಪ್ಪನವರ ಮನೆಗೆ ಬಂದರು. ನಿಂಬೆವ್ವ ಎಂದಿನಂತೆ ಗೋಡೆಗೆ ಒರಗಿ ಕುಳಿತಿದ್ದಳು. ಆಕೆಯನ್ನೂ ಒಳಗೆ ಕರೆಯೋಣವೇ ಎಂದು ಪಾಸ್ಟರು ಕೇಳಿದಾಗ ಚಂದಪ್ಪನವರು ನಮ್ಮಿಬ್ಬರನ್ನೂ ಅಂಗಳದ ಮೂಲೆಗೆ ಕರೆದೊಯ್ದರು.

"ಪಾಸ್ಟರ್ರ, ನಾ ಬೈಬಲ್ ಓದಲಾರದಾಂವ ಅಲ್ಲ. ದೇವರ ಮುಂದ ಎಲ್ಲಾರೂ ಒಂದ, ಖರೆ ಅದ. ಆದ್ರ ಬೀಗರ ಮುಂದ?"

"ಬೀಗರು ಸ್ವರ್ಗದ ಬಾಗಲಾ ಕಾಯ್ತಾರೇನ್ರಿ, ಹಿರಿಯರ?"

"ನನ್ನ ಮಗಳ ಬಾಗಲಾ ಕಾಯ್ತಾರ."

ವಿಷಯ ಇಷ್ಟೇ. ಕಸ್ತೂರಿಯನ್ನು ಆಳಂದದ ಸಮುವೇಲಪ್ಪನವರ ಮಗನಿಗೆ ಕೊಡುವ ಮಾತಾಗಿತ್ತು. ಅವರೂ ಮೇಲಿನ ಓಣಿಯ ಮೂಲದವರು, ಅಲ್ಲಿನ ಸಭೆಗೆ ಹಿರಿಯರು. ಬರುವ ಸೋಮವಾರ ಬಂದು ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವವರಿದ್ದರು. ನಿಂಬೆವ್ವನ ಎಂಜಲು ಲೋಟ ಮನೆಯೊಳಗೆ ತಿರುಗಿತೆಂಬ ಸುದ್ದಿ ಅವರ ಕಿವಿಗೆ ಬಿದ್ದರೆ ಸಂಬಂಧ ಮುರಿಯುತ್ತದೆ, ಒಮ್ಮೆ ಮಾತು ಮುರಿದ ಹುಡುಗಿಯ ಮನೆಗೆ ಜೇವರ್ಗಿಯಿಂದ ಆಳಂದದವರೆಗೆ ಯಾರೂ ಬರುವುದಿಲ್ಲ ಎಂಬುದು ಚಂದಪ್ಪನವರ ಲೆಕ್ಕ.

ಒಂದು ರೊಟ್ಟಿ ಮುರಿದು ಎಲ್ಲರಿಗೂ ಹಂಚುವ ನಾವು ರಸಕ್ಕೆ ಎರಡು ಲೋಟ ಇಟ್ಟರೆ, ಮುರಿದದ್ದು ರೊಟ್ಟಿಯೋ ಸಭೆಯೋ ಎಂದು ಪಾಸ್ಟರು ಕೇಳಿದರು. ಊರವರು ನಮ್ಮನ್ನು ಬಾವಿಯಿಂದ ದೂರವಿಟ್ಟಾಗ ಅತ್ತವರು ನಾವು, ಅದೇ ಕೆಲಸವನ್ನು ಕರ್ತನ ಮೇಜಿನ ಮುಂದೆ ಮಾಡಬಹುದೇ ಎಂದರು. ಚಂದಪ್ಪನವರು ಎಲ್ಲಕ್ಕೂ ತಲೆದೂಗಿದರು. ತಲೆ ಹೌದೆನ್ನುತ್ತಿತ್ತು, ಕಾಲು ಮಾತ್ರ ಹೊಸ್ತಿಲಿಗೆ ಅಡ್ಡವಾಗಿಯೇ ಇತ್ತು. ಅವರೇನೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ನನಗೆ ಸುಲಭವಾಗುತ್ತಿತ್ತು.

"ಸೋಮವಾರ ಅವ್ರು ಸಕ್ರಿ ಹಂಚಿ ಹೋಗ್ಲಿ," ಎಂದರು ಕೊನೆಗೆ. "ಮಂಗಳವಾರ ನಾನೇ ನಿಂಬೆವ್ವನ ಕೈ ಹಿಡಿದು ಒಳಗ ಕರಕೊಂಡು ಬರ್ತೇನಿ. ಇಷ್ಟು ವರ್ಷ ತಡದಾಕಿ, ಇನ್ನೊಂದಿಷ್ಟು ತಡೀಲಿ."

ಪಾಸ್ಟರು ಒಳಗೆ ಹೋಗಿ, ಸದ್ಯಕ್ಕೆ ನೀವೊಬ್ಬರೇ ತೆಗೆದುಕೊಳ್ಳುತ್ತೀರಾ ಎಂದು ಬಾಳಮ್ಮನನ್ನು ಕೇಳಿದರು. ಆಕೆ ಲೋಟವನ್ನು ನೋಡಿದಳು, ಕಿಟಕಿಯನ್ನು ನೋಡಿದಳು.

"ಒಬ್ಬಾಕೀನೇ ಕುಡಿದ್ರ ಅದು ಔಷಧ ಆಗ್ತದರಿ," ಎಂದಳು. "ಔಷಧ ಸಾಕಾಗ್ಯದ ನನಗ."

ರಸವನ್ನು ನಾನು ಕೆಟ್ಲಿಗೆ ತಿರುಗಿ ಸುರಿದೆ.

ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ ಹೀಗೇ ಹೋದವು. ಒಳಗೆ ಕಸ್ತೂರಿಯ ಸೀರೆಗೆ ಇಸ್ತ್ರಿಯಾಯಿತು, ಬೀಗರಿಗೆಂದು ಶೇಂಗಾ ಹೋಳಿಗೆಗೆ ಹೂರಣ ಕುಟ್ಟಿದರು. ಹೊರಗೆ ನಿಂಬೆವ್ವ ಗೋಡೆ ಬಿಟ್ಟು ಏಳಲಿಲ್ಲ. ಆಕೆಗೆ ಪಾಸ್ಟರ ಮಾತು, ಹಿರಿಯರ ಮಾತು ಎಲ್ಲ ಗೊತ್ತಾಗಿತ್ತು. ಬೈಯಲಿಲ್ಲ. ನಾನು ಹಾದುಹೋಗುವಾಗ ಮಾತ್ರ, ಏನು ಪೀರಪ್ಪಾ, ನಿನ್ನ ಗಂಟೆ ಭೀಮಾ ನದಿ ದಾಟುತ್ತದಂತೆ, ಈ ಹೊಸ್ತಿಲು ದಾಟುವುದಿಲ್ಲವೇ ಎಂದು ಕೇಳಿದಳು. ನಾನು ಚರ್ಚಿನ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದೆ.

ಸೋಮವಾರ ಬೆಳಿಗ್ಗೆ ಬಿಸಿಲು ಗೋಡೆಗೆ ಬರುವ ಹೊತ್ತು. ನಿಂಬೆವ್ವ ಜಲ್ಲಿ ಒಡೆಯುವ ಕಾಲದ ಹಳೆಯ ಕಥೆ ತೆಗೆದಿದ್ದಳು. ಕೂಲಿಯವರ ಮೇಲಿನ ಮುಕಾದಮ ಜಲ್ಲಿಯ ರಾಶಿ ಅಳೆಯುತ್ತ ಅದರ ಮೇಲೆಯೇ ನಿದ್ದೆ ಹೋದದ್ದು, ಇವರಿಬ್ಬರೂ ಅವನ ಹೊಟ್ಟೆಯನ್ನೂ ರಾಶಿಗೆ ಸೇರಿಸಿ ಅಳತೆ ಕೊಟ್ಟದ್ದು. ಎಷ್ಟು ಸಲ ಕೇಳಿದರೂ ಬಾಳಮ್ಮ ಹೊಟ್ಟೆಯ ಜಾಗಕ್ಕೆ ಬಂದೊಡನೆ ನಗುತ್ತಿದ್ದಳು. ಅಂಗಳದಲ್ಲಿ ಬೀಗರಿಗೆಂದು ಜಮಖಾನೆ ಝಾಡಿಸುತ್ತಿದ್ದ ನಾನೂ ಆ ನಗುವಿಗೆ ಕಾದೆ.

"ಬಾಳೀ," ಎಂದಳು ನಿಂಬೆವ್ವ. ಸ್ವಲ್ಪ ತಡೆದು, "ನಗಲಿಲ್ಲಲ್ಲ ಬೇ."

ಬಾಳಮ್ಮ ತೀರಿಕೊಂಡದ್ದು ನಮಗೆ ಗೊತ್ತಾದದ್ದು ಹಾಗೆ. ಒಳಗಿದ್ದವರೆಲ್ಲ ಹೋಳಿಗೆಯ ಕೆಲಸದಲ್ಲಿದ್ದರು. ಹೊರಗೆ ಕುಳಿತವಳಿಗೆ ಮೊದಲು ತಿಳಿಯಿತು.

ಹೊತ್ತೇರಿದಾಗ ಆಳಂದದ ಬೀಗರು ಸಕ್ಕರೆಯ ಗಂಟು ಹಿಡಿದು ಬಂದರು, ಬಂದು ಹೆಣದ ಮನೆ ಕಂಡರು. ಸಮುವೇಲಪ್ಪನವರು ಗಂಟನ್ನು ಮೂಲೆಯಲ್ಲಿಟ್ಟು ಹೆಗಲು ಕೊಡಲು ಬಂದರು. ಮಣ್ಣು ಮಾಡಿ ಬಂದಮೇಲೆ ಅಂಗಳದಲ್ಲಿ ಎಲ್ಲರೂ ಕುಳಿತರು. ಪಾಸ್ಟರ್ ದಶರಥರಿಗೆ ತಡೆಯಲಾಗಲಿಲ್ಲ. ಸತ್ತವಳ ಆಸೆ ಏನಿತ್ತು, ಅದು ಯಾರ ಅಂಜಿಕೆಯಿಂದ ನಿಂತಿತು ಎಂಬುದನ್ನು ಬೀಗರ ಮುಂದೆಯೇ ಹೇಳಿಬಿಟ್ಟರು.

ಸಮುವೇಲಪ್ಪನವರು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಚಂದಪ್ಪಣ್ಣ," ಎಂದರು ಆಮೇಲೆ, "ನಮ್ಮಲ್ಲಿ ಎರಡನೇ ಲೋಟ ತೆಗೆದು ನಾಕು ವರ್ಷ ಆತು. ಎರಡೂ ಓಣಿಯವ್ರು ಒಂದರಾಗೇ ಕುಡಿಯಾಕತ್ತೇವಿ. ನಿಮ್ಮ ಊರಾಗ ಇನ್ನೂ ಎರಡು ಅದಾವಂತ ಕೇಳಿದ್ದೆ. ನೀವೇ ಹೆಣ್ಣು ಕೊಡಾಕ ಹಿಂದ ಸರೀತೀರಿ ಅಂತ ನಾ ಬಾಯಿ ಬಿಡಲಿಲ್ಲ."

ಓದುವ ಅಣ್ಣಂದಿರೇ, ಅಕ್ಕಂದಿರೇ, ನಾನು ಹಗ್ಗವನ್ನು ಹಾವು ಮಾಡಿ, ಹಾವನ್ನು ಹೆಬ್ಬಾವು ಮಾಡಿ ಹೇಳಬಲ್ಲವನು. ಆದರೆ ಇಂಥದೊಂದನ್ನು ಕಟ್ಟುವ ಶಕ್ತಿ ನನಗಿಲ್ಲ. ಅವರು ನಮಗೆ ಅಂಜಿ ಬಚ್ಚಿಟ್ಟರು, ನಾವು ಅವರಿಗೆ ಅಂಜಿ ಬಾಗಿಲು ಕಾದೆವು. ನಡುವೆ ಒಬ್ಬ ಹೆಂಗಸು ಬಾಯಾರಿ ಹೋದಳು. ನಿಮ್ಮ ಊರಿನಲ್ಲಿಯೂ ಬೀಗರೇನಂದಾರು ಎಂದು ಕಾಯ್ದುಕೊಂಡು ಬಂದ ಪದ್ಧತಿ ಇದ್ದರೆ, ಒಮ್ಮೆ ಬಸ್ಸು ಹತ್ತಿ ಹೋಗಿ ಆ ಬೀಗರನ್ನೇ ಕೇಳಿ ಬನ್ನಿ. ಹೆಣ ಏಳುವ ಮುಂಚೆ ಕೇಳಿ.

ಮುಂದಿನ ತಿಂಗಳ ಮೊದಲ ಭಾನುವಾರ ಚಂದಪ್ಪನವರು ತಾವೇ ಮೇಜಿನ ಮೇಲೆ ಒಂದೇ ಲೋಟ ಇಟ್ಟರು, ಹಿಡಿಕೆಯಿದ್ದದ್ದು. ಇಂದಿನಿಂದ ಎರಡೂ ಓಣಿಗೆ ಇದೊಂದೇ ಎಂದು ಹೇಳಿದರು. ಮೇಲಿನ ಓಣಿಯ ಕೆಲವರು ಎದ್ದು ಹೊರಗೆ ಹೋದರು. ಉಳಿದವರು ನಿಂಬೆವ್ವನ ಕಡೆಗೆ ನೋಡಿದರು, ಆಕೆ ಸಂತೋಷಪಡುತ್ತಾಳೆಂದು. ನಿಂಬೆವ್ವ ಎದ್ದು ನಿಂತಳು.

"ಹಿರಿಯರ, ಆ ಲೋಟ ಒಳಗ ಇಡ್ರಿ. ನಮ್ಮದು ತರ್ರಿ."

ಯಾಕೆಂದು ಚಂದಪ್ಪನವರು ಕೇಳಿದರು.

"ನಮ್ಮನ್ನ ನಿಮ್ಮ ಲೋಟಕ್ಕ ಕರದ್ರ ನೀವು ದೊಡ್ಡ ಮನಸಿನವ್ರು ಆಗ್ತೀರಿ, ನಾವು ಕರಸಿಕೊಂಡವ್ರು ಆಗ್ತೀವಿ. ನೀವು ನಮ್ಮದರಾಗ ಕುಡೀರಿ. ಆಗ ಸರೀಕ ಆಗ್ತೀವಿ."

ಚಂದಪ್ಪನವರು ನನ್ನ ಕಡೆಗೆ ಕೈ ಚಾಚಿದರು. ಹಿಡಿಕೆಯಿಲ್ಲದ ಲೋಟವನ್ನು ನಾನು ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ಹಿಡಿಕೆ ಇಲ್ಲದ್ದರಿಂದ ಅದನ್ನು ಎರಡೂ ಕೈಯಿಂದ ಹಿಡಿಯಬೇಕು. ಆ ಮನುಷ್ಯ ಎರಡೂ ಕೈಯಿಂದ ಹಿಡಿದು, ಮೊಣಕಾಲೂರಿ, ಎಲ್ಲರಿಗಿಂತ ಮೊದಲು ಕುಡಿದರು. ಆಮೇಲೆ ಅದು ನಿಂಬೆವ್ವನಿಗೆ ಬಂತು. ಆಕೆ ಒಂದು ಗುಟುಕು ಕುಡಿದು, ಹಳೆಯ ರೂಢಿಯಂತೆ ಎಡಗಡೆಗೆ ತಿರುಗಿ ಲೋಟ ಚಾಚಿದಳು. ಎಡಗಡೆಯಲ್ಲಿ ಯಾರೂ ಇರಲಿಲ್ಲ. ಜಲ್ಲಿಯ ರಾಶಿಯ ಮುಂದೆ ಆ ಜಾಗದಲ್ಲಿ ಕೂಡುತ್ತಿದ್ದವಳು ಈಗ ಮಣ್ಣಿನಲ್ಲಿದ್ದಳು. ಚಾಚಿದ ಕೈ ಹಾಗೆಯೇ ನಿಂತಿತು. ಕಸ್ತೂರಿ ಮೇಲಿನ ಓಣಿಯ ಜಮಖಾನೆಯಿಂದ ಎದ್ದು ಬಂದು, ಆ ಜಾಗದಲ್ಲಿ ಕುಳಿತು, ಲೋಟ ತೆಗೆದುಕೊಂಡಳು.

ಈಗ ನಮ್ಮಲ್ಲಿ ಒಂದೇ ಲೋಟ. ಎದ್ದುಹೋದವರಲ್ಲಿ ಮುಕ್ಕಾಲು ಪಾಲು ತಿರುಗಿ ಬಂದಿದ್ದಾರೆ. ಕಸ್ತೂರಿ ಆಳಂದದಲ್ಲಿ ಸುಖವಾಗಿದ್ದಾಳೆ. ಚಂದಪ್ಪನವರ ಊಟದ ಮುಂಚಿನ ಪ್ರಾರ್ಥನೆ ಬಹಳ ಚಿಕ್ಕದಾಗಿದೆ.

ಒಂದು ಹರದಾರಿಯನ್ನು ನೂರು ಹರದಾರಿ ಮಾಡಿ ಹೇಳುವುದು ನನ್ನ ಹುಟ್ಟುಗುಣ. ಆದರೆ ಬಾಳಮ್ಮನ ಮಂಚಕ್ಕೂ ನಿಂಬೆವ್ವ ಕುಳಿತ ಜಾಗಕ್ಕೂ ಇದ್ದ ದೂರವನ್ನು ಹಿಗ್ಗಿಸುವುದಕ್ಕೆ ನನ್ನ ಬಾಯಿ ಏಳುವುದಿಲ್ಲ. ನಡುವೆ ಇದ್ದದ್ದು ಮಣ್ಣಿನ ಗೋಡೆ, ಒಂದು ಮೊಳ ದಪ್ಪ. ಪಕ್ಕದಲ್ಲೇ ಬಾಗಿಲು. ಆ ಆರು ದಿನವೂ ಅದು ತೆರೆದೇ ಇತ್ತು.