ಹಿಂಬಾಗಿಲ ಬಲ್ಬು

ತವರಿನವರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಸೊಸೆಗೆ ಬೆಳಗಿನಿಂದ ಕೂತು ಉಸಿರಾಡಲೂ ಪುರುಸೊತ್ತಿರಲಿಲ್ಲ. ಹಿತ್ತಿಲು ಗುಡಿಸಿ, ನೀರು ಚಿಮುಕಿಸಿ, ಬಟ್ಟೆ ಒಣಹಾಕುವ ತಂತಿ ಬಿಚ್ಚಿ, ಅದೇ ಮೊಳೆಗಳಿಗೆ ಬಲ್ಬಿನ ಸರ ಕಟ್ಟಲು ಗಂಡನನ್ನು ಏಣಿ ಹತ್ತಿಸಿದ್ದಳು.

"ಇನ್ನೊಂಚೂರು ಎಳೀರಿ. ಮಧ್ಯೆ ಜೋತುಬಿದ್ದಿದೆ, ನಮ್ಮಣ್ಣನ ತಲೆಗೆ ತಾಗುತ್ತೆ."

"ನಿಮ್ಮಣ್ಣನ ತಲೆ ತಾನೇ? ಬಲ್ಬಿಗೆ ಏನಾದ್ರೂ ಆದೀತು, ತಲೆಗೇನೂ ಆಗಲ್ಲ ಬಿಡು," ಎಂದ ಗಂಡ, ಹಲ್ಲಲ್ಲಿ ಕಚ್ಚಿದ್ದ ದಾರ ಬಿಡದೆ.

ಸರವನ್ನು ಅಡುಗೆಮನೆಯ ಸೂರಿನಿಂದ ಬಚ್ಚಲ ಗೋಡೆಗೆ, ಅಲ್ಲಿಂದ ಹಿಂಬಾಗಿಲ ಕಂಬಕ್ಕೆ ಎಳೆದದ್ದಾಯಿತು. ಹಿತ್ತಿಲಿಗೆಲ್ಲ ಇದ್ದದ್ದು ಒಂದೇ ಪ್ಲಗ್ಗು. ಅದರಲ್ಲಿ ಅತ್ತೆಯ ಬಲ್ಬಿನ ವೈರು.

ಹಿಂಬಾಗಿಲ ಮೇಲಿನ ಆ ಬಲ್ಬು ಹಿರಿಮಗನಿಗಾಗಿ ಉರಿಯುತ್ತಿತ್ತು. "ಪಂಪ್ ಬಂದ್ ಮಾಡಿ ಬರ್ತೀನಿ" ಎಂದು ಅದೇ ಬಾಗಿಲಿಂದ ಹೊಲಕ್ಕೆ ಹೋದವನು ಮರಳಿರಲಿಲ್ಲ. ಸೊಸೆ ಈ ಮನೆ ಸೇರುವುದಕ್ಕೂ ಎಷ್ಟೋ ಹಿಂದಿನ ಮಾತು. ಕಾಲುವೆ ಜಾಲಾಡಿದರು, ಊರೂರು ಅಲೆದರು, ಸಿಗಲಿಲ್ಲ. "ಹೊಲದಿಂದ ನೋಡಿದ್ರೆ ನಮ್ಮನೆಗೆ ಅದೊಂದೇ ಗುರುತು" ಎನ್ನುತ್ತ ಅತ್ತೆ ದಿನವೂ ಹೊತ್ತು ಮುಳುಗುವ ಮುಂಚೆ ಅದನ್ನು ಹಾಕುತ್ತಿದ್ದರು. ಆ ಬಾಗಿಲೂ ಹಟಮಾರಿ. ಹೊರಗಿಂದ ಬರುವವರು ಮೊದಲು ಮೊಣಕಾಲಿನಿಂದ ಕೆಳಹಲಗೆ ಒತ್ತಬೇಕು, ಆಮೇಲೆ ಚಿಲಕ ಎತ್ತಬೇಕು. ಮನೆಯವರನ್ನು ಬಿಟ್ಟು ಇನ್ನೊಬ್ಬರಿಗೆ ಅದು ಬಗ್ಗುತ್ತಿರಲಿಲ್ಲ.

"ಅತ್ತೆ, ಇವತ್ತೊಂದಿನ ನಿಮ್ಮ ಬಲ್ಬು ತೆಗೀಲಾ? ಇಷ್ಟೊಂದು ಬೆಳಕಿರುತ್ತಲ್ಲ, ಭಾವನಿಗೆ ಇನ್ನೂ ದೂರದಿಂದ ಕಾಣುತ್ತೆ."

ಬಟಾಣಿ ಸುಲಿಯುತ್ತಿದ್ದ ಅತ್ತೆಯ ಕೈ ಒಂದು ಗಳಿಗೆ ನಿಂತಿತು. "ನಿನ್ನ ತವರಿನವರು ಬರೋ ದಿನ ನಾನ್ಯಾಕಮ್ಮ ಬೇಡ ಅನ್ನಲಿ," ಎಂದರು.

ಸಂಜೆ ಸರ ಹೊತ್ತಿಕೊಂಡಾಗ ಹಿತ್ತಿಲು ತಮ್ಮದಲ್ಲವೆಂಬಂತೆ ಬೆಳಗಿತು. "ಮದುವೆಮನೆ ಮಾಡಿಬಿಟ್ಟಿದ್ದೀಯಲ್ಲೇ," ಎಂದಳು ತವರಿನಿಂದ ಬಂದಿದ್ದ ಅಕ್ಕ, ಯಾವುದನ್ನೂ ಸುಲಭಕ್ಕೆ ಹೊಗಳದವಳು. ಸೊಸೆಗೆ ಹೊಟ್ಟೆ ತುಂಬಿತು. ಎಲ್ಲರಿಗೂ ಬಡಿಸಿ, ನೀರು ತರಲು ಹಿಂಬಾಗಿಲ ಪಕ್ಕದ ನಲ್ಲಿಗೆ ಹೋದಳು.

ಆಚೆ ಯಾರೋ ನಡೆದು ಬರುತ್ತಿದ್ದರು. ಕೆಸರು ಮೆತ್ತಿದ ಕಾಲಿನ ಭಾರದ ಹೆಜ್ಜೆ. ಬಾಗಿಲ ತನಕ ಬಂದು ನಿಂತಿತು. ಗೋಡೆಯುದ್ದಕ್ಕೂ ಹೋಗಿ ಹಿಂದಿರುಗಿತು. ಮತ್ತೆ ನಿಂತಿತು. ಸೊಸೆ ಹಲಗೆಯ ಸಂದಿಗೆ ಕಣ್ಣಿಟ್ಟಳು. ಬೆಳಕು ಚೆಲ್ಲಿದ ದಾರಿಯಲ್ಲಿ ಯಾರೂ ಇರಲಿಲ್ಲ. ಹೆಜ್ಜೆ ಮಾತ್ರ ಅವಳ ಕಣ್ಣೆದುರೇ ಹೊಲದ ಕಡೆ ತಿರುಗಿ ದೂರವಾಗುತ್ತಿತ್ತು.

ಹಿಂದೆ ಅತ್ತೆ ನಿಂತಿದ್ದರು.

"ಬೇರೆ ಯಾರದೋ ಮನೆ ಅಂದ್ಕೊಂಡ," ಎಂದರು. "ನಮ್ಮನೇಲಿ ಯಾವತ್ತು ಇಷ್ಟು ದೀಪ ಇತ್ತು?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಸೊಸೆಗೆ ತಾಳಲಾಗಲಿಲ್ಲ. ಓಡಿಹೋಗಿ ಸರದ ಪ್ಲಗ್ಗು ಕಿತ್ತಳು.

"ಕರೆಂಟ್ ಹೋಯ್ತಾ? ತುತ್ತು ಬಾಯಿಗೋ ಮೂಗಿಗೋ ಗೊತ್ತಾಗ್ತಿಲ್ಲ," ಎಂದಳು ಅಕ್ಕ ಕತ್ತಲಲ್ಲಿ. ಎಲ್ಲರೂ ನಕ್ಕರು.

ಸೊಸೆ ತಡಕಾಡಿ ಹಳೆಯ ವೈರನ್ನು ಸಿಕ್ಕಿಸಿದಳು. ಹಿಂಬಾಗಿಲ ಮೇಲೆ ಒಂಟಿ ಹಳದಿ ಬೆಳಕು ಬಿತ್ತು. ನಗು ತಾನಾಗಿಯೇ ನಿಂತಿತು.

ದೂರದ ಹೆಜ್ಜೆಯೂ ನಿಂತಿತು. ಆಮೇಲೆ ತಿರುಗಿತು. ಈಗ ಅದಕ್ಕೆ ಅನುಮಾನವಿರಲಿಲ್ಲ, ನೇರ ಬರುತ್ತಿತ್ತು. ತುತ್ತು ಎತ್ತಿದ್ದ ಗಂಡನ ಕೈ ಎತ್ತಿದಲ್ಲೇ ಇತ್ತು. ಆ ನಡಿಗೆ ಅವನಿಗೆ ಚಿಕ್ಕಂದಿನಿಂದ ಗೊತ್ತು.

ಕೆಳಹಲಗೆಗೆ ಮೊಣಕಾಲು ಒತ್ತಿದ ಸದ್ದಾಯಿತು. ಚಿಲಕ ಮೆಲ್ಲಗೆ ಮೇಲೆದ್ದಿತು.

"ಕಾಲಿಗೆ ನೀರು ಕೊಡಮ್ಮ," ಎಂದರು ಅತ್ತೆ. "ಕೆಸರು ತುಳ್ಕೊಂಡು ಬಂದಿರ್ತಾನೆ."

ಸೊಸೆ ಚೊಂಬು ತುಂಬಿದಳು. ಬಾಗಿಲ ಕಡೆ ಮಾತ್ರ ನೋಡಲಿಲ್ಲ.