ಸೊಳ್ಳೆ ತಿನ್ನುವ ಮೀನು

ರಾಣೇಬೆನ್ನೂರಿನ ರಘೋತ್ತಮ ಮಾಸ್ತರರ ಮನೆಗೆ ಮೀನು ಬಂದದ್ದು ಔಷಧದ ಹೆಸರಿನಲ್ಲಿ.

ಹಿತ್ತಲಲ್ಲಿ ಅವರ ಅಜ್ಜನ ಕಾಲದ, ಕಲ್ಲು ಕಟ್ಟಿದ ಹೊಂಡವೊಂದಿತ್ತು. ಮನೆಯಲ್ಲಿ ಎಮ್ಮೆ ಇದ್ದಾಗ ಬಾವಿಯಿಂದ ಸೇದಿ ಅದನ್ನು ತುಂಬಿಸಿ, ಎಮ್ಮೆಯ ಮೈ ತೊಳೆದು, ಉಳಿದ ನೀರನ್ನು ಬಾಳೆಗೆ ಬಿಡುತ್ತಿದ್ದರು. ಮುನಸಿಪಾಲಿಟಿ ನಳ ಬಂತು, ಎಮ್ಮೆಯನ್ನೂ ಮಾರಿದ್ದಾಯಿತು. ಹೊಂಡಕ್ಕೆ ಕೆಲಸವಿಲ್ಲದಂತಾಗಿ ಮಳೆನೀರು ನಿಂತು, ಅದರಲ್ಲಿ ಸೊಳ್ಳೆಗಳು ಸಂಸಾರ ಹೂಡಿದವು. ಕರೆಂಟು ಹೋಗಿ ಫ್ಯಾನು ನಿಂತಿತೆಂದರೆ ಕೂತಲ್ಲಿ ಕೂರುವಂತಿರಲಿಲ್ಲ.

“ಆ ಹೊಂಡಾ ಮಣ್ಣು ಹಾಕಿ ಮುಚ್ಚಸ್ರಿ,” ಎಂದು ಅನಸೂಯಾಬಾಯಿ ಗಂಡನಿಗೆ ಹೇಳಿ ಹೇಳಿ ಸಾಕಾಗಿದ್ದರು. ಮಾಸ್ತರರು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವವರು. ಸೊಳ್ಳೆಮರಿ ತಿಂದು ಬದುಕುವ ಸಣ್ಣ ಮೀನುಗಳಿವೆ ಎಂದು ಎಲ್ಲೋ ಓದಿದ್ದರು. ಹೀಗಿರುವಾಗ ಗುತ್ತಲದಲ್ಲೊಂದು ಮದುವೆ ಮುಗಿಸಿಕೊಂಡು ಬರುವ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತವನ ಕಾಲ ಬಳಿ ಒಂದು ಅಲ್ಯುಮಿನಿಯಂ ಹಂಡೆ ಕಂಡಿತು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿತ್ತು.

“ಏನಪಾ ಅದರಾಗ?”

“ಮೀನಮರೀರಿ ಸರ. ಮೇಡ್ಲೇರಿಗೆ ಒಯ್ಯಾಕತ್ತೇನಿ.”

“ಸೊಳ್ಳಿಮರಿ ತಿಂತಾವೇನು?”

“ಸೊಳ್ಳಿಮರಿ ಅಂತ ಏನ ಕೇಳ್ತೀರಿ, ಹಾಕಿದ್ದೆಲ್ಲಾ ತಿಂತಾವು!”

ಅಷ್ಟು ಸಾಕಾಯಿತು ಮಾಸ್ತರರಿಗೆ. ರಾಣೇಬೆನ್ನೂರಿನಲ್ಲಿ ಇಳಿದವರೇ ಬಸ್ ಸ್ಟ್ಯಾಂಡಿನ ಹೋಟೆಲ್ಲಿನಿಂದ ಹಾಲಿನ ಕ್ಯಾನೊಂದನ್ನು ಕಡ ತಂದು, ಒಂದು ಬೊಗಸೆ ಮರಿ ಹಾಕಿಸಿಕೊಂಡು ಮನೆಗೆ ಬಂದರು.

“ಮೀನ? ನಮ್ಮ ಮನ್ಯಾಗ?” ಅನಸೂಯಾಬಾಯಿ ಸೆರಗು ಮೂಗಿಗೆ ಹಿಡಿದರು.

“ಮೀನ ಅಂತ ಯಾಕ ತಿಳೀತಿ? ಔಷಧ ಅಂತ ತಿಳಿ. ಬೆರಳಿಗಿಂತ ದೊಡ್ಡು ಆಗೂದಿಲ್ಲ ಇವು.”

ಶಾಕಾಹಾರಿ ಮನೆಯ ವಿಜ್ಞಾನಿ ಮಾಡಬಹುದಾದ ತಪ್ಪು ಅದು. ಬೆಳಕು ಯಾವ ಕೋನದಲ್ಲಿ ಬಾಗುತ್ತದೆಂದು ಹೇಳಬಲ್ಲವರಿಗೆ ಒಂದು ಮೀನಿನ ಮರಿಗೂ ಇನ್ನೊಂದಕ್ಕೂ ವ್ಯತ್ಯಾಸವಿರುತ್ತದೆಂಬುದು ಹೊಳೆದಿರಲಿಲ್ಲ. ಸೊಳ್ಳೆಗಳೇನೋ ಕಡಿಮೆಯಾದವು. ಅದು ಮೀನಿನಿಂದಲೋ, ಮಳೆ ನಿಂತಿದ್ದರಿಂದಲೋ, ಯಾರೂ ಪರೀಕ್ಷೆ ಮಾಡಲಿಲ್ಲ.

ಅನಸೂಯಾಬಾಯಿ ಮೊದಮೊದಲು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಸಂಜೆ ಅಕ್ಕಿ ತೊಳೆದ ನೀರನ್ನು ಚೆಲ್ಲಿ, ತಂಬಿಗೆಗೆ ಅಂಟಿದ್ದ ನುಚ್ಚು ಉದುರಲೆಂದು ಹೊಂಡದ ಕಲ್ಲಿಗೆ ಟಣ್ ಟಣ್ ಎಂದು ಬಡಿದರು. ಮರುದಿನವೂ ಬಡಿದರು. ನಾಲ್ಕಾರು ದಿನಗಳಲ್ಲಿ ತಂಬಿಗೆಯ ಸದ್ದಾಗುವುದೇ ತಡ, ಮೀನುಗಳು ಹೊಂಡದ ಮೂಲೆ ಮೂಲೆಯಿಂದ ಬಂದು ಅವರ ಕಾಲ ಬಳಿಯ ಕಲ್ಲಿಗೆ ಮೂತಿ ಹಚ್ಚಿ ನಿಲ್ಲತೊಡಗಿದವು. ಕರೆದರೆ ಬರುವ ಜೀವಕ್ಕೆ ಬರಿಗೈ ತೋರಿಸುವುದು ಹೇಗೆ? ನುಚ್ಚಾಯಿತು, ಚುರುಮುರಿಯಾಯಿತು, ಕೊನೆಗೆ ಶೇಂಗಾ ಹಿಂಡಿಯೂ ಬಂತು.

“ಬಾಯಾರ, ನಿಮ್ಮ ಎಮ್ಮಿ ಮಾರಿ ವರ್ಷದ ಮ್ಯಾಲಾತು. ಈ ಹಿಂಡಿ ಯಾರಿಗ್ರಿ, ಮಾಸ್ತರಿಗೇನು?” ಎಂದ ಹಿಂಡಿ ಅಂಗಡಿಯ ಕೊಟ್ರಪ್ಪ.

“ಅವರಿಗೆ ಹಾಕಿ ಏನು ಬಂತು, ಕೊಟ್ರಪ್ಪ? ಹಾಲು ಕೊಡೂದಿಲ್ಲಲ್ಲ.”

ದಸರೆಗೆ ಮೀನುಗಳು ಗೇಣುದ್ದವಾದವು. ಸಂಕ್ರಾಂತಿಯ ಹೊತ್ತಿಗೆ ಅವುಗಳ ಬಂಗಾರಬಣ್ಣದ ಮೈ ತಿರುಗಿದಾಗ ನೀರಿನಲ್ಲಿ ಹಿತ್ತಾಳೆಯ ತಾಟು ಹೊರಳಿದಂತಾಗುತ್ತಿತ್ತು. “ಸೊಳ್ಳಿ ಭಾಳ ತಿಂದಾವ,” ಎಂದು ಮಾಸ್ತರರು ಒಮ್ಮೆ ಅಂದರು.

ಮನೆಯ ಮುಸುರೆ ತಿಕ್ಕುವ ಗದಿಗೆವ್ವ ಹೊಂಡದ ಪಕ್ಕದ ಕಲ್ಲಿನ ಮೇಲೆ ಕೂತೇ ಪಾತ್ರೆ ತೊಳೆಯುವುದು. ಒಂದು ದಿನ ಅವಳು ಕೊಳಗ ಬೋರಲು ಹಾಕಿ, “ಬಾಯಾರ, ಸಿಟ್ಟಾಗಬ್ಯಾಡ್ರಿ,” ಎಂದು ಶುರುಮಾಡಿದಳು. “ಇವು ಸೊಳ್ಳಿ ತಿನ್ನೂ ಮೀನಲ್ರಿ. ಗೆಂಡಿ ಮೀನು. ಸಂತ್ಯಾಗ ಮಾರತಾರ.”

ಅನಸೂಯಾಬಾಯಿ ತಂಬಿಗೆ ಕೆಳಗಿಟ್ಟರು. “ನಿನಗ ಯಾವಾಗ ಗೊತ್ತಾತು?”

“ಹೆಬ್ಬಟ್ಟಿನಷ್ಟು ಇದ್ದಾಗನ ಗೊತ್ತಿತ್ರಿ.”

“ಮತ್ತ ಇಷ್ಟು ದಿನಾ ಬಾಯಾಗ ಏನಿಟ್ಕೊಂಡಿದ್ದಿ?”

“ಹೇಳಿದ್ರ ಅವತ್ತ ಹೊರಗ ಹಾಕಸ್ತಿದ್ರಿ. ನೀವು ಊಟಕ್ಕ ಕರಿಯೂದು, ಅವು ಓಡಿ ಬರೂದು. ನೋಡಾಕ ಚಂದಿತ್ರಿ.”

ಆ ರಾತ್ರಿಯ ಊಟಕ್ಕೆ ಕೂತಾಗ ಗಂಡ ಹೆಂಡತಿ ಈ ಮಾತನ್ನು ತೆಗೆದರು. ಮಾಸ್ತರರು ತಮ್ಮ ತಪ್ಪನ್ನು ಒಂದು ಕೆಮ್ಮಿನಲ್ಲಿ ಒಪ್ಪಿಕೊಂಡರು. “ಇರಲಿ ಬಿಡ್ರಿ,” ಎಂದರು ಅನಸೂಯಾಬಾಯಿ. “ಬ್ಯಾರೆಯವರ ಮನ್ಯಾಗ ಇದ್ದಿದ್ರ ಈ ಹೊತ್ತಿಗೆ ಗಡಿಗಿ ಸೇರತಿದ್ದವು. ನಮ್ಮಲ್ಲೆ ಅವಕ್ಕ ಏನು ಭಯ?” ಮೀನಿಗೆ ಈ ಊರಿನಲ್ಲಿ ತಮ್ಮ ಮನೆಗಿಂತ ಸುರಕ್ಷಿತ ಜಾಗವಿಲ್ಲ ಎಂಬ ಸಣ್ಣದೊಂದು ಹೆಮ್ಮೆ ಅಂದಿನಿಂದ ಅವರ ಮನಸ್ಸಿನಲ್ಲಿ ಕೂತಿತು.

ಯುಗಾದಿ ಕಳೆಯಿತು. ಬಾವಿಯ ನೀರು ಕೆಳಗಿಳಿಯಿತು, ಹೊಂಡದ್ದೂ ಇಳಿಯಿತು. ನಳದ ನೀರು ಕುಡಿಯುವುದಕ್ಕೇ ಸಾಲುತ್ತಿರಲಿಲ್ಲ. ಒಂದು ಮುಂಜಾನೆ, ಇನ್ನೂ ಸೂರ್ಯ ಮೂಡುವ ಮೊದಲು, ಅನಸೂಯಾಬಾಯಿ ಹಿತ್ತಲಿಗೆ ಹೋದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ತಂಬಿಗೆ ಬಡಿದಿರಲಿಲ್ಲ. ಹಸಿದಿರಬೇಕೆಂದು ಒಂದು ಹಿಡಿ ಹಿಂಡಿ ಹಾಕಿದರು. ಒಂದೂ ಮುಟ್ಟಲಿಲ್ಲ. ಮರುದಿನ ಎರಡು ಹಿಡಿ ಹಾಕಿದರು. ಅದರ ಮರುದಿನ ಬಾಯಿ ತೆರೆಯುವುದು ಇನ್ನೂ ಹೆಚ್ಚಾಗಿತ್ತು.

ಮಾಸ್ತರರು ಕನ್ನಡಕ ಹಾಕಿಕೊಂಡು ಬಂದು ಬಹಳ ಹೊತ್ತು ನೋಡಿದರು. “ಹಸಿವಿ ಅಲ್ಲ ಇದು. ಉಸಿರು. ನೀರು ಕಾದಂಗ ಅದರಾಗಿನ ಗಾಳಿ ಕಡಿಮಿ ಆಗ್ತದ. ರಾತ್ರಿ ಪಾಚಿನೂ ಅದನ್ನ ಎಳಕೊಳ್ತದ. ನೀ ಹಾಕಿದ ಹಿಂಡಿ ತಿನ್ನದ ಕೊಳತ್ರ, ಅದೂ ಎಳಕೊಳ್ತದ.”

“ಅಂದ್ರ ನಾ ಹಾಕಿದ್ದ ಅವಕ್ಕ...” ಅನಸೂಯಾಬಾಯಿ ಹಾಕಲೆಂದು ತಂದಿದ್ದ ಹಿಂಡಿಯನ್ನು ಹಿಂದಕ್ಕೆ ಸರಿಸಿದರು.

ಮೇಲಿನಿಂದ ನೀರು ಸುರಿದರೆ ಅದರ ಜೊತೆ ಗಾಳಿ ಸೇರುತ್ತದೆ ಎಂದರು ಮಾಸ್ತರರು. ಅಂದಿನಿಂದ ಅನಸೂಯಾಬಾಯಿಯವರ ಬೆಳಗು ಬಕೀಟಿನಿಂದ ಶುರುವಾಯಿತು. ಹೊಂಡದಿಂದಲೇ ಮೊಗೆದು, ಕಟ್ಟೆಯ ಮೇಲೆ ನಿಂತು ಎತ್ತರದಿಂದ ಸುರಿಯುವುದು, ಮತ್ತೆ ಮೊಗೆಯುವುದು. ಸುರಿದಲ್ಲಿ ಮೀನುಗಳು ಬಂದು ಗುಂಪುಗೂಡುತ್ತಿದ್ದವು. ಮುಂಗೈ ಬಾತುಕೊಂಡಿತು. ಸುತ್ತಲಿನವರನ್ನು ಕೇಳಿದ್ದಾಯಿತು, ಕುಡಿಯುವ ಬಾವಿಗೆ ಮೀನು ಬಿಟ್ಟುಕೊಳ್ಳಲು ಯಾರೂ ಒಪ್ಪಲಿಲ್ಲ. ಗುಡಿಯ ಹೊಂಡ ಒಣಗಿತ್ತು. ಹೊಳೆಗೆ ಒಯ್ಯೋಣವೆಂದರೆ ಇಷ್ಟು ದೊಡ್ಡ ಮೀನು ಈ ಬಿಸಿಲಿನಲ್ಲಿ ಬಸ್ಸಿನ ದಾರಿಯಲ್ಲೇ ಸಾಯುತ್ತವೆ ಎಂದರು ಮಾಸ್ತರರು.

ಕೊನೆಗೆ ಒಂದು ಬೆಳಗ್ಗೆ, ಬಾಲದ ತುದಿ ಹರಿದಿದ್ದ, ಎಲ್ಲಕ್ಕಿಂತ ಮೊದಲು ಓಡಿ ಬರುತ್ತಿದ್ದ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

ಗದಿಗೆವ್ವ ಅದನ್ನು ತೆಗೆದು ಬಾಳೆಯ ಬುಡದಲ್ಲಿ ಹೂಳಿದಳು. ಮಣ್ಣು ಎಳೆಯುತ್ತ ತನ್ನಷ್ಟಕ್ಕೆ ಎಂಬಂತೆ, “ನಿನ್ನೆ ಜೀವ ಇದ್ದಾಗಾದ್ರೂ ಹಿಡದಿದ್ರ ನಮ್ಮ ಮರಿಯವ್ವಗ...” ಎಂದವಳು ತಟ್ಟನೆ ತುಟಿ ಕಚ್ಚಿಕೊಂಡಳು.

ಮರಿಯವ್ವ ಅವಳ ಮಗಳು. ಬ್ಯಾಡಗಿಗೆ ಕೊಟ್ಟಿದ್ದರು. ಅಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದ ಹುಡುಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

“ಮರಿಯವ್ವಗೇನಾಗೇದ?”

“ಏನಿಲ್ರಿ.”

“ಗದಿಗೆವ್ವ.”

“ಬಾಣಂತೀಗೆ ಹಾಲ ಇಳದಿಲ್ರಿ. ಮೈಯಾಗ ರಕ್ತ ಇಲ್ಲ, ಚಲೋತ್ನಂಗ ತಿನಸ್ರಿ ಅಂದಾರ ಡಾಕ್ಟ್ರು. ಮೀನ ತಿಂದ್ರ ಹಾಲ ಇಳೀತೈತಿ ಅಂತಾರ ನಮ್ಮ ಮಂದಿ. ಕೂಸು ಅತ್ತೂ ಅತ್ತೂ ದನಿ ಬಿದ್ದೈತಿ. ಆದ್ರ ನಿಮ್ಮ ಮೀನಿನ ಮ್ಯಾಲ ನಾ ಕಣ್ಣ ಹಾಕಿಲ್ರಿ, ಖರೇ ಹೇಳತೇನಿ.”

ಅನಸೂಯಾಬಾಯಿ ಒಳಗೆ ಹೋದರು. ದೇವರ ಮುಂದೆ ಕೂತರೆ ಅಲ್ಲಿಯೂ ಆ ತೆರೆದು ಮುಚ್ಚುವ ಬಾಯಿಗಳೇ ಕಂಡವು. ಕೂಸಿನ ಬಾಯಿಯೂ ಹಾಗೆಯೇ ತೆರೆದು ಮುಚ್ಚುತ್ತಿರಬೇಕು ಎನಿಸಿತು. ಗಂಡನ ಬಳಿ ಬಂದು, “ಮರಿಯವ್ವಗ ಮೀನ ಕೊಟ್ಟರ ಕೊಂದ ಪಾಪ ನಮಗ ಬರ್ತದೇನ್ರಿ?” ಎಂದು ಕೇಳಿದರು.

ಮಾಸ್ತರರು ಪೇಪರು ಮಡಿಚಿದರು. “ಪಾಪದ ಲೆಕ್ಕ ನನಗ ಗೊತ್ತಿಲ್ಲ, ಅನಸೂಯಾ. ಹೊಂಡದ ಲೆಕ್ಕ ಗೊತ್ತದ. ಅರ್ಧ ತಗದ್ರ ಅರ್ಧ ಬದುಕ್ತಾವ. ತಗೀಲಿಲ್ಲ ಅಂದ್ರ ಎಲ್ಲಾ ಸಾಯ್ತಾವ. ಆಗೂ ಕೊಂದವರು ನಾವ.”

ಸಂಜೆ ಅನಸೂಯಾಬಾಯಿ ಗದಿಗೆವ್ವನನ್ನು ಕರೆದು, ಅರ್ಧ ಮೀನು ಒಯ್ಯಲು ಹೇಳಿಬಿಟ್ಟರು. ಅವಳ ತಮ್ಮ ಫಕ್ಕೀರಪ್ಪ ಬಲೆ ತಂದ. ಬಲೆ ಬಿದ್ದೊಡನೆ ಮೀನುಗಳು ತಳದ ಕೆಸರಿಗಿಳಿದು, ಕಲ್ಲಿನ ಸಂದಿ ಸೇರಿದವು. ಮೂರ್ನಾಲ್ಕು ಸಲ ಬೀಸಿ ಬರಿಯ ಪಾಚಿ ಎಳೆದ ಫಕ್ಕೀರಪ್ಪ, “ಬಾಯಾರ, ನೀವು ಒಂದ ಸಲ ತಂಬಿಗಿ ಬಡೀರಿ. ತಾವ ಬರ್ತಾವು,” ಎಂದ.

ತಂಬಿಗೆ ಅವರ ಕೈಯಲ್ಲೇ ಇತ್ತು. ಅದನ್ನು ಸೆರಗಿನೊಳಗೆ ಸೇರಿಸಿದರು. “ಊಟಕ್ಕ ಅಂತ ಕರದು ನಾ ಹಿಡಕೊಡಂಗಿಲ್ಲಪಾ. ಅದೊಂದು ನನ್ನಿಂದ ಆಗೂದಿಲ್ಲ.”

“ಬ್ಯಾಡ ಬಿಡ್ರಿ,” ಎಂದಳು ಗದಿಗೆವ್ವ, ತಮ್ಮನ ಬಲೆ ಮಡಿಚುತ್ತ. “ಹಂಗ ಕರದ ಹಿಡಿದಿದ್ದು ನನ್ನ ಮಗಳಿಗೂ ಮೈಗೆ ಹತ್ತಂಗಿಲ್ಲ.”

ಅವಳು ಬಾಗಿಲು ದಾಟುವಷ್ಟರಲ್ಲಿ ಅನಸೂಯಾಬಾಯಿ ಕೂಗಿದರು. “ಗದಿಗೆವ್ವ, ಮುಂಜಾನೆ ಬೆಳಕು ಹರಿಯೂ ಹೊತ್ತಿಗೆ ಬುಟ್ಟಿ ತೊಗೊಂಡು ಬಾ. ಆಗ ಕರಿಯೂದು ಬೇಕಾಗೂದಿಲ್ಲ.”

ಬೆಳಗ್ಗೆ ಮೀನುಗಳು ದಿನದಂತೆ ಮೇಲೆ ಬಂದಿದ್ದವು. ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಓಡುವ ಶಕ್ತಿ ಇರಲಿಲ್ಲ. ಅನಸೂಯಾಬಾಯಿ ಬಕೀಟು ತುಂಬಿಕೊಂಡು ಕಟ್ಟೆಯ ಮೇಲೆ ನಿಂತರು. ಕೆಳಗೆ ಗದಿಗೆವ್ವ ಸೊಂಟದವರೆಗಿನ ನೀರಿನಲ್ಲಿ ಬುಟ್ಟಿಯನ್ನು ಮೆಲ್ಲಗೆ ಮೀನಿನಡಿ ಸರಿಸಿ ಎತ್ತುತ್ತಿದ್ದಳು. ಅವಳು ಮುಗಿಸುವ ತನಕ ನೀರು ಸುರಿಯುವಂತಿಲ್ಲ. ಸುರಿದರೆ ಉಸಿರು ಬಂದು ಮೀನು ಚುರುಕಾಗುತ್ತವೆ. ಬಾತ ಮುಂಗೈಗೆ ಬಕೀಟು ಭಾರವಾಯಿತು. ಬಕೀಟಿನ ಅಂಚಿನಿಂದ ಒಂದಿಷ್ಟು ನೀರು ತುಳುಕಿತು. ಬಿದ್ದ ಕಡೆಗೆ ಎರಡು ಮೀನು ಮೂತಿ ತಿರುಗಿಸಿದವು.

“ಲಗೂ ಗದಿಗೆವ್ವ, ಲಗೂ.”

“ಆತ್ರಿ ಬಾಯಾರ. ಸಾಕ್ರಿ. ಇನ್ನ ಹಾಕ್ರಿ.”

ಬಕೀಟು ಬೋರಲಾಯಿತು. ಮತ್ತೆ ತುಂಬಿತು, ಮತ್ತೆ ಬೋರಲಾಯಿತು. ಬುಟ್ಟಿಯ ಮೇಲೆ ಒದ್ದೆ ಸೀರೆ ಮುಚ್ಚಿಕೊಂಡು ಗದಿಗೆವ್ವ ಯಾವಾಗ ಹೋದಳೋ ಅವರು ನೋಡಲಿಲ್ಲ. ಸೂರ್ಯ ಮೇಲೇರಿ, ಉಳಿದ ಮೀನುಗಳು ಒಂದೊಂದಾಗಿ ತಳಕ್ಕಿಳಿದ ಮೇಲೆಯೇ ಸುರಿಯುವುದನ್ನು ನಿಲ್ಲಿಸಿದ್ದು. ಆ ದಿನ ಅವರು ಊಟ ಮಾಡಲಿಲ್ಲ. ಏಕಾದಶಿ ಅಲ್ಲವಲ್ಲ ಎಂದು ಮಾಸ್ತರರು ಕೇಳಲೂ ಇಲ್ಲ.

ಮೂರು ದಿನ ತಂಬಿಗೆ ಬಡಿಯಲು ಅವರಿಗೆ ಧೈರ್ಯವಾಗಲಿಲ್ಲ. ಹಿಂಡಿಯನ್ನು ಸದ್ದಿಲ್ಲದೆ ಚೆಲ್ಲಿ ಒಳಗೆ ಬಂದುಬಿಡುತ್ತಿದ್ದರು. ಆದರೆ ಮುಂಜಾನೆ ಬಾಯಿ ತೆರೆದು ಮೇಲೆ ಬರುವ ಮೀನು ಮತ್ತೆ ಕಾಣಲಿಲ್ಲ. ನಾಲ್ಕನೆಯ ದಿನ ತಂಬಿಗೆ ಮೆತ್ತಗೆ ಒಂದು ಸಲ ಬಡಿದರು. ಅವು ಬಂದವು.

ಮೃಗಶಿರಾ ಮಳೆ ಹಿಡಿದು ಹೊಂಡ ತುಂಬುವ ಹೊತ್ತಿಗೆ ಮರಿಯವ್ವ ಕೂಸನ್ನೆತ್ತಿಕೊಂಡು ಬಂದಳು. ಬ್ಯಾಡಗಿಗೆ ಹೊರಟಿದ್ದಳು. ಕೂಸು ಅನಸೂಯಾಬಾಯಿಯವರ ಬಳೆ ಹಿಡಿದೆಳೆಯಿತು. ಗಲ್ಲ ತುಂಬಿಕೊಂಡಿತ್ತು. ಮೀನಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅನಸೂಯಾಬಾಯಿ ಕುಂಕುಮ ಹಚ್ಚಿ, ಕುಬಸದ ಖಣ ಕೊಟ್ಟು, “ಬರೂ ವರ್ಷನೂ ತವರಿಗೆ ಬರ್ತಿಯಲ್ಲ?” ಎಂದು ಮಾತ್ರ ಕೇಳಿದರು.

ಅವಳು ಹೋದ ಮೇಲೆ ಪಡಸಾಲೆಗೆ ಬಂದು, ಗಂಡನ ಎದುರಿನ ಕಂಬಕ್ಕೊರಗಿ ನಿಂತರು. “ಏನ್ರಿ, ಈ ವರ್ಷ ಸೊಳ್ಳಿ ಭಾಳ ಆಗ್ಯಾವ ಅನಸ್ತದ.”

ಮಾಸ್ತರರು ಸುತ್ತ ನೋಡಿದರು. ಒಂದು ಸೊಳ್ಳೆಯೂ ಇರಲಿಲ್ಲ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಹೆಂಡತಿಯ ಮುಖ ನೋಡಿದರು.

“ಹೌದು, ಆಗ್ಯಾವ,” ಎಂದರು. “ಆಯಿತವಾರ ಮೇಡ್ಲೇರಿಗೆ ಹೋಗಿ ಬರ್ತೇನಿ.”

“ಹಾಲಿನ ಕ್ಯಾನ್ ತೊಗೊಂಡ ಹೋಗ್ರಿ. ಈ ಸಲ ಬೊಗಸಿ ತುಂಬ ಬ್ಯಾಡ,” ಎಂದರು ಅನಸೂಯಾಬಾಯಿ. “ಹೊಂಡಕ್ಕ ತಕ್ಕಷ್ಟ ತರ್ರಿ.”